ಬಿಸಿಲಿನೂರಿನಲ್ಲಿ ಸೂರ್ಯನ ಲೆಕ್ಕ

ನನ್ನ ನೀಲಿ ಅಂಗಿಯ ಕಾಲರಿನಲ್ಲಿ ಸಾಸಿವೆ ಕಾಳಿನಷ್ಟು ಒಂದು ತೂತು ಇದೆ. ಅಂಚು ಕಪ್ಪಗೆ ಸುಟ್ಟಿದೆ. ಬೀಡಿಯ ಕಿಡಿ ಇರಬೇಕೆಂದು ಹೆಂಡತಿ ಬಹಳ ದಿನ ಅನುಮಾನಿಸಿದಳು. ಅದನ್ನು ಸುಟ್ಟವನು ಸೂರ್ಯ. ಟೆಲಿಸ್ಕೋಪಿನ ಬೆನ್ನ ಮೇಲೆ ಗೇಣುದ್ದದ ಒಂದು ಪುಟ್ಟ ದುರ್ಬೀನು ಕೂತಿರುತ್ತದೆ; ರಾತ್ರಿ ನಕ್ಷತ್ರ ಹುಡುಕುವುದಕ್ಕೆ ಅದು ಬೇಕು. ಹಗಲಿನಲ್ಲಿ ಸೂರ್ಯನ ಕಡೆಗೆ ತಿರುಗಿಸುವ ಮುನ್ನ ಅದರ ಬಾಯಿಗೆ ಮುಚ್ಚಳ ಹಾಕಬೇಕು ಎಂಬುದು ಸೂರ್ಯನನ್ನು ಹಾಳೆಯ ಮೇಲೆ ಬೀಳಿಸಿ ನೋಡುವ ಈ ಹವ್ಯಾಸದ ಮೊದಲ ಪಾಠ. ಆ ದಿನ ಮರೆತಿದ್ದೆ. ದೊಡ್ಡ ಕೊಳವೆಯ ಹಿಂದೆ ಬಿಳಿ ಹಾಳೆ ಹಿಡಿದು ಬಗ್ಗಿದ್ದಾಗ ಕೊರಳ ಬಳಿ ಬಟ್ಟೆ ಸುಟ್ಟ ವಾಸನೆ ಬಂತು. ಕಾಲರಿನ ಜಾಗದಲ್ಲಿ ಕಣ್ಣು ಇದ್ದಿದ್ದರೆ ಏನಾಗುತ್ತಿತ್ತು ಎಂದು ಹೊಳೆದ ಮೇಲೆ ಆ ಬೆಳಿಗ್ಗೆ ಮತ್ತೇನನ್ನೂ ನೋಡದೆ ಮಾಳಿಗೆಯಿಂದ ಇಳಿದುಬಂದೆ.

ವಿಜಯಪುರದಲ್ಲಿ ನನ್ನದೊಂದು ಮೋಟರ್ ರಿವೈಂಡಿಂಗ್ ಅಂಗಡಿ ಇದೆ. ಕೊಳವೆಬಾವಿಯ ಮೋಟರುಗಳು ಸುಟ್ಟು ನನ್ನ ಬಾಗಿಲಿಗೆ ಬರುತ್ತವೆ. ಹಳೆಯ ತಂತಿ ಕಿತ್ತು, ಹೊಸ ತಾಮ್ರ ಸುತ್ತಿ, ವಾರ್ನಿಷ್ ಕುಡಿಸಿ ಕಳುಹಿಸುತ್ತೇನೆ. ಬೇಸಿಗೆ ಏರಿದಷ್ಟೂ ನನಗೆ ಕೆಲಸ. ನೀರು ಕೆಳಗಿಳಿಯುತ್ತದೆ, ಮೋಟರ್ ಒಣಗಿ ತಿರುಗುತ್ತದೆ, ಸುಟ್ಟು ಕೂರುತ್ತದೆ. ಹಾಗಾಗಿ ನನ್ನ ಅನ್ನ ಬಿಸಿಲಿನದು ಎಂದರೆ ತಪ್ಪಾಗದು.

ಬಿಸಿಲಿನ ಬಗ್ಗೆ ಮಾತಾಡದ ದಿನ ನಮ್ಮೂರಿನಲ್ಲಿ ಇಲ್ಲ. ಬಿಸಿಲು ಏರಿತು, ಬಿಸಿಲು ಬಡಿಯಿತು, ಬಿಸಿಲು ಇಳಿಯಲಿ ಆಮೇಲೆ ಹೋಗೋಣ, ಮೆಣಸಿನಕಾಯಿಯನ್ನು ಬಿಸಿಲಿಗೆ ಹಾಕು. ಸೂರ್ಯನ ಬಗ್ಗೆ ಮಾತ್ರ ಯಾರೂ ಮಾತಾಡುವುದಿಲ್ಲ. ಸಾಲ ವಸೂಲಿಗೆ ಮನೆಗೆ ದಿನವೂ ಬರುವವನ ಮುಖವನ್ನು ಯಾರೂ ಸರಿಯಾಗಿ ನೋಡಿರುವುದಿಲ್ಲವಲ್ಲ, ಹಾಗೆ. ಏಪ್ರಿಲ್ ತಿಂಗಳಿನಲ್ಲಿ 40 ಡಿಗ್ರಿ ದಾಟಿಸುವ ಅವನನ್ನು ತಲೆ ಎತ್ತಿ ನೋಡುವ ಮನಸ್ಸಾದರೂ ಯಾರಿಗೆ ಬಂದೀತು?

ನನಗೆ ಆ ಮನಸ್ಸು ಬಂದದ್ದು ಮೊದಲು ತಪ್ಪು ದಾರಿಯಲ್ಲಿ. 2010ರ ಜನವರಿ 15, ಸಂಕ್ರಾಂತಿಯ ಮರುದಿನ. ಊರಿನಲ್ಲಿ ಸಿದ್ಧೇಶ್ವರ ಜಾತ್ರೆಯ ಗದ್ದಲ. ಕನ್ಯಾಕುಮಾರಿ, ರಾಮೇಶ್ವರಗಳಲ್ಲಿ ಕಂಕಣ ಗ್ರಹಣ, ನಮಗೆ ಪಾರ್ಶ್ವ ಗ್ರಹಣ. ಪಕ್ಕದ ವೆಲ್ಡಿಂಗ್ ಅಂಗಡಿಯಿಂದ ಕಪ್ಪು ಗಾಜು ಕೇಳಿ ತಂದು ನಡುಮಧ್ಯಾಹ್ನ ಮೇಲೆ ನೋಡಿದೆ. ಹಸಿರು ಸೂರ್ಯ ಕಂಡ, ಒಂದು ಕಡೆ ಕಡಿದುಹೋಗಿದ್ದ. ಅಂಗಡಿಯ ಹುಡುಗರೆಲ್ಲ ಸರದಿಯಲ್ಲಿ ನೋಡಿದರು. ನನ್ನ ಕಣ್ಣಿನಲ್ಲಿ ಸಂಜೆಯವರೆಗೂ ನೀರು. ಎಷ್ಟೋ ವರ್ಷಗಳ ಮೇಲೆ ತಿಳಿಯಿತು: ಸೂರ್ಯನನ್ನು ನೋಡಲು 14ನೆಯ ನಂಬರಿನ ಗಾಜು ಬೇಕು, ವೆಲ್ಡಿಂಗಿನವರು ಸಾಮಾನ್ಯವಾಗಿ ಬಳಸುವುದು 10 ಅಥವಾ 11. ಕಣ್ಣಿನ ಒಳಪರದೆಗೆ ನೋವು ತಿಳಿಯುವ ನರಗಳೇ ಇಲ್ಲ. ಸುಟ್ಟರೂ ಅದು ಹೇಳಿಕೊಳ್ಳುವುದಿಲ್ಲ. ಮೋಟರಾದರೆ ಕನಿಷ್ಠ ಹೊಗೆ ಬಿಟ್ಟು ಸುಟ್ಟದ್ದನ್ನು ಹೇಳುತ್ತದೆ.

ಅದಕ್ಕೂ ಹಿಂದೆ, 1980ರ ಫೆಬ್ರವರಿ 16ರಂದು, ಖಗ್ರಾಸ ಗ್ರಹಣದ ನೆರಳು ಕರಾವಳಿಯಿಂದ ಏರಿಬಂದು ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಹಾದುಹೋಗಿತ್ತು. ನಮ್ಮೂರು ಅದರ ಅಂಚಿನಿಂದ ಉತ್ತರಕ್ಕೆ ತಪ್ಪಿತು. ಸೂರ್ಯ ಬಹುಪಾಲು ಮುಚ್ಚಿದ್ದನಷ್ಟೆ. ಆಗ ನಾನು ಅವ್ವನ ಹೊಟ್ಟೆಯಲ್ಲಿದ್ದೆ. ಬಸುರಿ ಎಂದು ಅವಳನ್ನು ಒಳಕೋಣೆಯಲ್ಲಿ ಕೂರಿಸಿ, ಕಿಟಕಿಗೆ ಕಂಬಳಿ ಹೊದಿಸಿ, ಕೈಗೆ ಕತ್ತರಿ, ಈಳಿಗೆ ಯಾವುದೂ ಸಿಗದ ಹಾಗೆ ನೋಡಿಕೊಂಡಿದ್ದರಂತೆ. ಕೋಳಿಗಳು ಗೂಡಿಗೆ ಹೋದ ಸದ್ದು ಕೇಳಿತ್ತು ಎಂದು ಅವ್ವ ಈಗಲೂ ಹೇಳುತ್ತಾಳೆ. ಜೀವಮಾನದಲ್ಲಿ ನಮ್ಮ ಸೀಮೆಯ ಇಷ್ಟು ಹತ್ತಿರಕ್ಕೆ ಬಂದ ಒಂದೇ ಒಂದು ಖಗ್ರಾಸವನ್ನು ನಾನೂ ಅವಳೂ ಹೀಗೆ ಒಟ್ಟಿಗೇ ತಪ್ಪಿಸಿಕೊಂಡೆವು.

ಇದನ್ನೆಲ್ಲ ಹೇಳಿದ್ದು 2019ರ ಡಿಸೆಂಬರ್ 26ರ ಕಥೆಗೆ ಬರುವುದಕ್ಕೆ. ಎಳ್ಳ ಅಮಾವಾಸ್ಯೆಯ ಹೊತ್ತಿಗೇ ಬಂದ ಗ್ರಹಣ ಅದು. ವರ್ಷದ ಚರಗವನ್ನು ನಮ್ಮ ಮನೆಯವರು ಹಿಂದಿನ ದಿನವೇ ಮುಗಿಸಿ ಬಂದಿದ್ದರು. ಹೊಲದ ನಾಲ್ಕೂ ಮೂಲೆಗೆ ಚೆಲ್ಲಿ ಉಳಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆಗಳ ಬುಟ್ಟಿಯ ಮೇಲೆ ಅವ್ವ ಗರಿಕೆ ಇಟ್ಟಿದ್ದಳು. ಬೆಳಿಗ್ಗೆ ಎಂಟರ ಸುಮಾರಿಗೆ ಸ್ಪರ್ಶ. ಕೇರಳದ ಚೆರುವತ್ತೂರು, ಕೊಡಗಿನ ಕುಟ್ಟ ಕಡೆಯಲ್ಲಿ ಬಳೆಯಂತೆ ಕಾಣುವ ಸೂರ್ಯನಿಗಾಗಿ ಜನ ಬಸ್ಸು ಮಾಡಿಕೊಂಡು ಹೋಗಿದ್ದರು. ನಮ್ಮ ಮನೆಯಲ್ಲಿ ಬಾಗಿಲು ಕಿಟಕಿಗಳೆಲ್ಲ ಬಂದ್. ನಾನು ಸರಿಯಾದ ಗ್ರಹಣ ಕನ್ನಡಕ ತರಿಸಿಕೊಂಡಿದ್ದೆ, ಮಾಳಿಗೆಯ ಮೇಲಿದ್ದೆ. ಅವ್ವ ಕೆಳಗೆ ನಡುಮನೆಯಲ್ಲಿ ಕಂಬಳಿ ಹಾಸಿಕೊಂಡು ಜಪಮಾಲೆ ಎಣಿಸುತ್ತಾ ಕೂತಿದ್ದಳು.

ಒಂಬತ್ತು ದಾಟಿದ ಮೇಲೆ ಕೆಳಗಿನಿಂದ ಕರೆ ಬಂತು. ಗಾಬರಿಯಿಂದ ಇಳಿದೆ. ಅವ್ವ ನೆಲ ತೋರಿಸಿದಳು. ನಮ್ಮ ಹಿಂಬಾಗಿಲು ತಗಡಿನದು, ಮೂಡಣಕ್ಕೆ ಮುಖ ಮಾಡಿದೆ. ಹಿಂದೆಂದೋ ಮೊಳೆ ಕಿತ್ತುಹೋಗಿ ಎದೆಮಟ್ಟದಲ್ಲಿ ಒಂದು ತೂತು ಉಳಿದಿತ್ತು. ಆ ತೂತಿನಿಂದ ಬಂದ ಬೆಳಕು ಒಂಬತ್ತು ಅಡಿ ಒಳಗೆ, ಸಗಣಿ ಸಾರಿಸಿದ ನೆಲದ ಮೇಲೆ ಬಿದ್ದಿತ್ತು. ದಿನವೂ ಬೀಳುವ ಗುಂಡು ಬಿಲ್ಲೆ ಆಗಿರಲಿಲ್ಲ ಅದು. ಕುಡುಗೋಲು. ಒಂದು ಅಂಗುಲದ, ಅಂಚು ಮೆತ್ತಗಿದ್ದ, ಬೆಳಕಿನ ಕುಡುಗೋಲು.

“ಇದೇನು, ಚಂದ್ರ ನೆಲಕ್ಕೆ ಇಳಿದಿದ್ದಾನೆಯೇ?” ಎಂದಳು ಅವ್ವ.

ಅದು ಚಂದ್ರನಲ್ಲ, ಚಂದ್ರ ಅಡ್ಡ ಬಂದ ಸೂರ್ಯ, ತೂತಿನಿಂದ ತಲೆಕೆಳಗಾಗಿ ಒಳಗೆ ಬಂದಿದ್ದಾನೆ ಎಂದು ವಿವರಿಸಿದೆ. ಹಾಳೆಯೊಂದನ್ನು ಬೆಳಕಿಗೆ ಎದುರಾಗಿ ಹಿಡಿದಾಗ ಅದು ಇನ್ನೂ ಸ್ಪಷ್ಟವಾಯಿತು. ನಗು ಬಂದದ್ದು ಬೇರೆ ಕಾರಣಕ್ಕೆ. ಗ್ರಹಣ ಒಳಗೆ ಬರಬಾರದೆಂದು ಮನೆಯನ್ನು ಕತ್ತಲು ಮಾಡಿದ್ದರು. ಮನೆ ಕತ್ತಲಾದದ್ದರಿಂದಲೇ ಗ್ರಹಣ ಒಳಗೆ ಬಂದಿತ್ತು. ಕಿಟಕಿ ತೆರೆದಿದ್ದರೆ ಆ ಬೆಳಕು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ನಮ್ಮ ನಡುಮನೆಯೇ ಒಂದು ಕ್ಯಾಮೆರಾ ಆಗಿಹೋಗಿತ್ತು, ಒಳಗೆ ಅವ್ವ ಫಿಲ್ಮಿನಂತೆ ಕೂತಿದ್ದಳು. ಗ್ರಹಣ ನೋಡಬಾರದು ಎಂದವಳು ನೀನೇ ಅಲ್ಲವೇ ಎಂದು ಕೆಣಕಿದೆ. “ನಾನು ನೆಲ ನೋಡುತ್ತಿದ್ದೇನೆ” ಎಂದಳು. ಹನ್ನೊಂದರ ಹೊತ್ತಿಗೆ ಮೋಕ್ಷವಾಗಿ ಕುಡುಗೋಲು ಮತ್ತೆ ಬಿಲ್ಲೆಯಾಗುವವರೆಗೂ ಅವಳು ಕಂಬಳಿಯನ್ನು ಬೆಳಕಿನ ಹಿಂದೆ ಹಿಂದೆ ಸರಿಸಿಕೊಳ್ಳುತ್ತಾ ಹೋದಳು.

ಒಂಬತ್ತು ಅಡಿಗೆ ಒಂದು ಅಂಗುಲ ಎಂಬುದು ಸುಮ್ಮನೆ ಬಂದ ಲೆಕ್ಕವಲ್ಲ. ಒಂಬತ್ತು ಅಡಿ ಎಂದರೆ 108 ಅಂಗುಲ. ಸೂರ್ಯನ ಅಗಲದ ಸುಮಾರು 108 ಪಟ್ಟು ದೂರದಲ್ಲಿ ನಾವಿದ್ದೇವೆ. ಹಾಗಾಗಿ ತೂತು ಚಿಕ್ಕದಾಗಿದ್ದರೆ ಅದರಿಂದ ಎಷ್ಟು ದೂರ ಹೋಗುತ್ತೀರೋ ಅದರ 108ನೆಯ ಒಂದು ಪಾಲಿನಷ್ಟು ಅಗಲದ ಸೂರ್ಯ ಸಿಗುತ್ತಾನೆ. ಬೇವಿನ ಮರದ ನೆರಳಿನಲ್ಲಿ ನೆಲದ ಮೇಲೆ ಆಡುವ ಗುಂಡು ಗುಂಡು ಬೆಳಕುಗಳೂ ಇವೇ, ಎಲೆಗಳ ಸಂದಿಯಿಂದ ಇಳಿದ ಸೂರ್ಯಂದಿರು. ಅವ್ವನ ಜಪಮಾಲೆಯಲ್ಲಿಯೂ ಮಣಿಗಳು 108. ಇದನ್ನು ಹಿಡಿದುಕೊಂಡು ಹಿರಿಯರಿಗೆ ಎಲ್ಲವೂ ಮೊದಲೇ ಗೊತ್ತಿತ್ತು ಎಂದು ಯಾರೂ ವಾಟ್ಸ್‌ಆ್ಯಪಿನಲ್ಲಿ ಹೊರಡಬೇಡಿ. ಕಾಕತಾಳೀಯ ಎಂಬ ಒಳ್ಳೆಯ ಪದ ನಮ್ಮ ಭಾಷೆಯಲ್ಲಿದೆ.

ಹಿರಿಯರ ಮಾತು ಬಂತಾದ್ದರಿಂದ ಹೇಳಿಬಿಡುತ್ತೇನೆ. ಭಾಸ್ಕರಾಚಾರ್ಯ ನಮ್ಮೂರಿನವನೆಂದು ಇಲ್ಲಿ ಹೆಮ್ಮೆಯಿಂದ ಹೇಳುತ್ತಾರೆ. 1114ರಲ್ಲಿ ಹುಟ್ಟಿದ ಆತ ತನ್ನೂರು ಸಹ್ಯಾದ್ರಿಯ ಬಳಿಯ ವಿಜ್ಜಡವಿಡ ಎಂದು ಬರೆದುಕೊಂಡಿದ್ದಾನೆ. ಅದು ವಿಜಯಪುರವೇ ಎಂದು ಕೆಲವರು, ಅಲ್ಲ, ಮಹಾರಾಷ್ಟ್ರದ ಚಾಳೀಸಗಾಂವ ಕಡೆಯದು ಎಂದು ಕೆಲವರು. ಸಹ್ಯಾದ್ರಿ ನಮ್ಮ ಮಾಳಿಗೆಯಿಂದ ಕಾಣುವುದಿಲ್ಲವಾದ್ದರಿಂದ ನಾನು ಹೆಚ್ಚು ವಾದ ಮಾಡುವುದಿಲ್ಲ. ಆದರೆ 1150ರ ಅವನ ಸಿದ್ಧಾಂತ ಶಿರೋಮಣಿಯಲ್ಲಿ ಯಂತ್ರಗಳಿಗೆಂದೇ ಒಂದು ಅಧ್ಯಾಯ ಇದೆ. ಗೋಲ, ಚಕ್ರ, ಫಲಕ, ಶಂಕು ಎಂದೆಲ್ಲ ಹೇಳಿ ಕೊನೆಗೆ ಧೀಯಂತ್ರ ಎಂಬುದನ್ನು ಮೇಲಕ್ಕೆ ಏರಿಸುತ್ತಾನೆ. ಕೈಯಲ್ಲಿ ಒಂದು ಕೋಲು, ತಲೆಯಲ್ಲಿ ಬುದ್ಧಿ, ಅಷ್ಟೇ ಆ ಯಂತ್ರ. ತಗಡಿನ ತೂತನ್ನು ಅವನು ಮೆಚ್ಚುತ್ತಿದ್ದ ಎಂದು ನನಗೆ ಅನ್ನಿಸುತ್ತದೆ.

ಗ್ರಹಣ ಮುಗಿದ ಮೇಲೆ ಆ ಬಿಲ್ಲೆಯನ್ನು ಬಿಡಲಾಗಲಿಲ್ಲ. ಬೇರೆಯವರು ಬಳಸಿಬಿಟ್ಟ 80 ಮಿಲಿಮೀಟರ್ ಮಸೂರದ ಒಂದು ಟೆಲಿಸ್ಕೋಪ್ ಕೊಂಡೆ. ಅದರ ಹಿಂದೆ ಹಾಳೆ ಹಿಡಿದರೆ ಅಂಗೈಗಿಂತ ದೊಡ್ಡ ಸೂರ್ಯ ಬೀಳುತ್ತಾನೆ, ಅವನ ಮೈಮೇಲೆ ಕಲೆಗಳು ಕಾಣುತ್ತವೆ. ಹಾಳೆಯ ಮೇಲೆ ಮೊದಲೇ ಹದಿನೈದು ಸೆಂಟಿಮೀಟರಿನ ವೃತ್ತ ಎಳೆದಿರುತ್ತೇನೆ. ಪೆನ್ಸಿಲಿನಿಂದ ಕಲೆ ಇದ್ದಲ್ಲಿ ಚುಕ್ಕೆ ಇಡುತ್ತೇನೆ. ಮೊದಲ ದಿನ ಒಂದು ಚುಕ್ಕೆ ಅಲ್ಲಾಡದೆ ಕೂತಿತ್ತು. ಅದು ಕಣ್ಣಿನ ಕಡೆಯ ಪುಟ್ಟ ಮಸೂರದ ಮೇಲಿನ ಧೂಳು ಎಂದು ತಿಳಿಯಲು ವಾರ ಹಿಡಿಯಿತು. ನಿಜವಾದ ಕಲೆಗಳು ದಿನದಿನಕ್ಕೆ ಜರುಗುತ್ತವೆ. ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗಲು ಸುಮಾರು ಹದಿಮೂರು ದಿನ. ಸೂರ್ಯ ತನ್ನ ಸುತ್ತ ತಿರುಗುವುದನ್ನು ಪುಸ್ತಕದಲ್ಲಿ ಓದುವುದು ಬೇರೆ, ನಿನ್ನೆಯ ಹಾಳೆಯನ್ನು ಇವತ್ತಿನ ಹಾಳೆಯ ಕೆಳಗಿಟ್ಟು ಬೆಳಕಿಗೆ ಹಿಡಿದು ನೋಡುವುದು ಬೇರೆ.

ಕಲೆ ಎಂದರೆ ಸುಟ್ಟ ಜಾಗ ಎಂದುಕೊಂಡಿದ್ದೆ, ನನ್ನ ಕಸುಬಿನವನಿಗೆ ಹಾಗೆಯೇ ತೋಚುತ್ತದೆ. ಸುಟ್ಟದ್ದಲ್ಲ, ತಣ್ಣಗಾದದ್ದು. ಸುತ್ತಲಿನ ಮೈ ಸುಮಾರು 5500 ಡಿಗ್ರಿ ಇದ್ದರೆ ಕಲೆಯ ನಡುಭಾಗ ಅದಕ್ಕಿಂತ ಒಂದೂವರೆ ಎರಡು ಸಾವಿರ ಡಿಗ್ರಿ ಕಡಿಮೆ. ಆ ಬೆಳಕಿನ ನಡುವೆ ಕಪ್ಪಾಗಿ ತೋರುತ್ತದೆ. ಕಾರಣ ಅಯಸ್ಕಾಂತ. ಒಳಗಿನಿಂದ ಕುದಿದು ಮೇಲೆ ಬರಬೇಕಾದ ಬಿಸಿಯನ್ನು ಅಲ್ಲಿ ಗಂಟುಬಿದ್ದ ಕಾಂತಕ್ಷೇತ್ರ ತಡೆದು ಹಿಡಿಯುತ್ತದೆ. ಕಲೆಗಳಲ್ಲಿ ಕಾಂತಕ್ಷೇತ್ರ ಇರುವುದನ್ನು 1908ರಲ್ಲಿ ಅಮೆರಿಕದ ಜಾರ್ಜ್ ಹೇಲ್ ಕಂಡುಹಿಡಿದ. ಕಲೆಗಳು ಹೆಚ್ಚಾಗಿ ಜೋಡಿಯಾಗಿ ಬರುತ್ತವೆ, ಒಂದು ಉತ್ತರ ಧ್ರುವ, ಒಂದು ದಕ್ಷಿಣ ಧ್ರುವ. ಇದನ್ನು ಓದಿದ ದಿನ ಅಂಗಡಿಯಲ್ಲಿ ಸ್ಟೇಟರ್, ಅಂದರೆ ಸೀಳುಗಳಲ್ಲಿ (ಸ್ಲಾಟುಗಳಲ್ಲಿ) ತಂತಿ ಸುತ್ತುವ ಮೋಟರಿನ ಹೊರಗೂಡನ್ನು, ಎದುರಿಗಿಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ಇಪ್ಪತ್ತು ವರ್ಷದಿಂದ ಸ್ಲಾಟಿನಿಂದ ಸ್ಲಾಟಿಗೆ ನಾನು ಸುತ್ತುತ್ತಾ ಬಂದದ್ದೂ ಅದನ್ನೇ ಅಲ್ಲವೇ, ಉತ್ತರ ದಕ್ಷಿಣ, ಉತ್ತರ ದಕ್ಷಿಣ. ಅಲ್ಲಿ ಮಾತ್ರ ತಾಮ್ರ ಇಲ್ಲ.

ಎಣಿಸುವುದಕ್ಕೊಂದು ಕ್ರಮ ಇದೆ. ಗುಂಪುಗಳನ್ನು ಎಣಿಸಿ ಹತ್ತರಿಂದ ಗುಣಿಸಿ, ಬಿಡಿ ಕಲೆಗಳನ್ನು ಎಣಿಸಿ ಕೂಡಿಸಬೇಕು. ನಾಲ್ಕು ಗುಂಪು, ಹದಿನೇಳು ಕಲೆ ಎಂದರೆ 57. ಸ್ವಿಟ್ಜರ್‌ಲೆಂಡಿನ ರುಡಾಲ್ಫ್ ವುಲ್ಫ್ 1848ರಲ್ಲಿ ಹಾಕಿಕೊಟ್ಟ ಲೆಕ್ಕ ಇದು. ಆದರೆ ನನ್ನ ಮನಸ್ಸಿಗೆ ಹತ್ತಿರದವನು ಜರ್ಮನಿಯ ಡೆಸಾವ್ ಊರಿನ ಔಷಧ ಅಂಗಡಿಯ ಶ್ವಾಬೆ. ಬುಧಗ್ರಹಕ್ಕಿಂತ ಒಳಗೆ ಇನ್ನೊಂದು ಗ್ರಹ ಇರಬಹುದು, ಸೂರ್ಯನ ಮುಂದೆ ಹಾಯುವಾಗ ಕಪ್ಪು ಚುಕ್ಕೆಯಾಗಿ ಕಂಡೀತು ಎಂದು 1826ರಿಂದ ಮೋಡವಿಲ್ಲದ ದಿನವೆಲ್ಲ ಸೂರ್ಯನನ್ನು ನೋಡಿದ. ಗ್ರಹವನ್ನು ಕಲೆಯಿಂದ ಬೇರ್ಪಡಿಸಲು ಕಲೆಗಳನ್ನೆಲ್ಲ ಬರೆದಿಟ್ಟ. ಹದಿನೇಳು ವರ್ಷ. ಗ್ರಹ ಸಿಗಲಿಲ್ಲ, ಅದು ಇರಲೇ ಇಲ್ಲ. ಆದರೆ ಕಲೆಗಳು ಸುಮಾರು ಹತ್ತು ವರ್ಷಕ್ಕೊಮ್ಮೆ ಹೆಚ್ಚಿ ಕುಗ್ಗುತ್ತವೆ ಎಂಬುದು 1843ರಲ್ಲಿ ಅವನ ಪುಸ್ತಕಗಳಿಂದ ಎದ್ದುಬಂತು. ಹನ್ನೊಂದು ವರ್ಷದ ಸೌರಚಕ್ರ ಎಂದು ನಾವು ಈಗ ಹೇಳುವುದು ಅದನ್ನೇ. ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದುಬಂದು, ಮೋಡವಿಲ್ಲದ ದಿನವೆಲ್ಲ ಚುಕ್ಕೆ ಇಟ್ಟವನು!

ಸೂರ್ಯನನ್ನು ನೋಡಲೆಂದೇ ಇಸ್ರೊ ಕಳುಹಿಸಿದ ಆದಿತ್ಯ-ಎಲ್1 ಹಾರಿದ ಮೇಲೆ ಇದೆಲ್ಲ ಏಕೆ ಎಂದು ಕೇಳುವವರು ಇದ್ದಾರೆ. ಕೇಳಬೇಕಾದ ಪ್ರಶ್ನೆಯೇ. 2024ರ ಜನವರಿಯಿಂದ ಅದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿ ಕೂತು, ರಾತ್ರಿ ಎಂಬುದೇ ಇಲ್ಲದೆ ಸೂರ್ಯನನ್ನು ನೋಡುತ್ತಿದೆ. ಕೊಡೈಕನಾಲಿನ ವೀಕ್ಷಣಾಲಯದಲ್ಲಿ 1904ರಿಂದ ಸೂರ್ಯನ ಚಿತ್ರಗಳನ್ನು ತೆಗೆದಿಡುತ್ತಾ ಬಂದಿದ್ದಾರೆ. ಅವರಿಗೆ ನನ್ನ ಪೆನ್ಸಿಲ್ ಚುಕ್ಕೆ ಬೇಕಾಗಿಲ್ಲ. ಹವಾಮಾನ ಇಲಾಖೆ ಇದೆ ಎಂದು ರೈತ ಬಾಗಿಲಿಗೆ ಬಂದು ಆಕಾಶ ನೋಡುವುದನ್ನು ಬಿಟ್ಟಿದ್ದಾನೆಯೇ ಎಂದು ಹೇಳಿ ಮಾತು ಮುಗಿಸುತ್ತೇನೆ.

ಫೋಟೊ ವಿಷಯದಲ್ಲಿ ನನಗೆ ತಕರಾರುಗಳಿವೆ. ಫೋಟೊ ತೆಗೆಯುವಾಗ ಟೆಲಿಸ್ಕೋಪಿನ ಮುಂಬದಿಗೆ, ಮಸೂರಕ್ಕೂ ಮುಂಚೆ, ಬೆಳ್ಳಿಯಂತೆ ಹೊಳೆಯುವ ಫಿಲ್ಮ್ ಕಟ್ಟಬೇಕು. ಲಕ್ಷದಲ್ಲಿ ಒಂದು ಪಾಲು ಬೆಳಕನ್ನು ಮಾತ್ರ ಅದು ಒಳಗೆ ಬಿಡುತ್ತದೆ. ಅದರ ಚೌಕಟ್ಟನ್ನು ನಾನು ಸ್ಲಾಟುಗಳಿಗೆ ಹಾಕುವ ಇನ್ಸುಲೇಷನ್ ಕಾಗದದಿಂದಲೇ ಮಾಡಿಕೊಂಡೆ. ಒಂದೇ ಫೋಟೊ ತೆಗೆದರೆ ಕೆಲಸವಾಗದು, ವಿಡಿಯೊ ತೆಗೆಯಬೇಕು; ಅದರ ಸಾವಿರಾರು ಬಿಡಿ ಚಿತ್ರಗಳಲ್ಲಿ ಗಾಳಿ ಅಲುಗದ ನೂರಿನ್ನೂರನ್ನು ಕಂಪ್ಯೂಟರ್ ಆರಿಸಿ ಒಂದರ ಮೇಲೊಂದು ಇಡುತ್ತದೆ. ನಮ್ಮ ಎರೆ ನೆಲ ಬೆಳಿಗ್ಗೆ ಒಂಬತ್ತಕ್ಕೆಲ್ಲ ಕಾದುಬಿಡುತ್ತದೆ, ಆಮೇಲೆ ಸೂರ್ಯನ ಅಂಚು ರೊಟ್ಟಿಯ ಹಂಚಿನ ಮೇಲಿನ ಗಾಳಿಯಂತೆ ನಡುಗುತ್ತದೆ. ಏಳೂವರೆಯಿಂದ ಎಂಟೂವರೆ, ಅಷ್ಟೇ ನಮ್ಮ ಹೊತ್ತು. ಅಪರೂಪಕ್ಕೆ ಒಂದು ದಿನ ಗಾಳಿ ಸತ್ತುಬಿದ್ದಿದ್ದಾಗ ಸೂರ್ಯನ ಮೈಯೆಲ್ಲ ಜೋಳದ ನುಚ್ಚು ಕುದಿದ ಹಾಗೆ ಕಾಳುಕಾಳಾಗಿ ಕಂಡಿತ್ತು. ಒಂದೊಂದು ಕಾಳು ಸುಮಾರು ಸಾವಿರ ಕಿಲೋಮೀಟರ್ ಅಗಲ, ಆಯಸ್ಸು ಹತ್ತು ನಿಮಿಷದ ಆಸುಪಾಸು. ಚಹಾ ಕುಡಿದು ಬರುವಷ್ಟರಲ್ಲಿ ಹಳೆಯ ಕಾಳುಗಳು ಹೋಗಿ ಹೊಸವು ಬಂದಿರುತ್ತವೆ.

ತಕರಾರು ಏನೆಂದರೆ, ಆ ಫಿಲ್ಮಿನ ಹಿಂದೆ ಸೂರ್ಯ ಬಿಳಿ. ಅಪ್ಪಟ ಬಿಳಿ. ಜನರಿಗೆ ತೋರಿಸುವಾಗ ಎಲ್ಲರೂ ಅದಕ್ಕೆ ಕಿತ್ತಳೆ ಬಣ್ಣ ಬಳಿಯುತ್ತಾರೆ. ನಾನೂ ಬಳಿದಿದ್ದೇನೆ. ಬಿಳಿ ಸೂರ್ಯನನ್ನು ಮೊಬೈಲಿನಲ್ಲಿ ತೋರಿಸಿದರೆ ಇದೇನು ಹಪ್ಪಳ ಎಂದು ಕೇಳಿದರು. ಕಿತ್ತಳೆ ಬಳಿದು ತೋರಿಸಿದೆ, ಭೇಷ್ ಎಂದರು. ಅಂದಿನಿಂದ ತೋರಿಸುವುದನ್ನೇ ಕಡಿಮೆ ಮಾಡಿದ್ದೇನೆ.

ಹಾಗೆಂದು ಚೆಂದದ ಚಿತ್ರದ ಆಸೆ ನನಗೆ ಇಲ್ಲವೆಂದಲ್ಲ. 2022ರ ಅಕ್ಟೋಬರ್ 25ರ ಸಂಜೆ, ದೀಪಾವಳಿಯ ನಡುವೆ, ಗ್ರಹಣ ಹಿಡಿದ ಸೂರ್ಯ ಮುಳುಗುವವನಿದ್ದ. ಅವನನ್ನು ಗೋಳಗುಮ್ಮಟದ ತಲೆಯ ಮೇಲೆ ಟೋಪಿಯಂತೆ ಕೂರಿಸಬೇಕೆಂದು ತಿಂಗಳಿಡೀ ಲೆಕ್ಕ ಹಾಕಿದೆ. ಗುಮ್ಮಟದ ಹೊರ ಅಗಲ ಸುಮಾರು 44 ಮೀಟರ್. ಸೂರ್ಯನೂ ಅಷ್ಟೇ ಅಗಲ ಕಾಣಬೇಕಾದರೆ ಅದರ 108 ಪಟ್ಟು ದೂರ, ಅಂದರೆ ನಾಲ್ಕೂಮುಕ್ಕಾಲು ಕಿಲೋಮೀಟರ್ ಹಿಂದೆ ನಿಲ್ಲಬೇಕು. ಪೂರ್ವಕ್ಕೆ, ತುಸು ಉತ್ತರಕ್ಕೆ ವಾಲಿ, ರೈಲು ಹಳಿ ದಾಟಿ ಒಂದು ತೊಗರಿ ಹೊಲದ ಬದುವಿನ ಮೇಲೆ ಸ್ಟ್ಯಾಂಡ್ ಊರಿದೆ. ಸೂರ್ಯ ತನ್ನ ಅಗಲದಷ್ಟು ಜರುಗಲು ಎರಡು ನಿಮಿಷ ಸಾಕು. ಎಲ್ಲವೂ ಆ ಎರಡು ನಿಮಿಷದಲ್ಲಿ ಆಗಬೇಕು.

ಹೊಲದ ಯಜಮಾನರು ಬಂದರು. ಸ್ಟ್ಯಾಂಡನ್ನೂ ನನ್ನನ್ನೂ ನೋಡಿ ದೂರದಲ್ಲೇ ನಿಂತರು.

“ಸಾಹೇಬರೇ, ರಸ್ತೆ ಈ ಕಡೆಗೇ ಬರುತ್ತದೆಯೇ?”

“ರಸ್ತೆಯದಲ್ಲ ಕಾಕಾ, ಸೂರ್ಯನ ಫೋಟೊ ತೆಗೆಯಲು ಬಂದಿದ್ದೇನೆ.”

ಅವರು ನಂಬಲಿಲ್ಲ. ಮೂರು ಕಾಲಿನ ಸ್ಟ್ಯಾಂಡ್ ಹೊಲಕ್ಕೆ ಬಂದರೆ ಭೂಮಿ ಹೋಗುತ್ತದೆ ಎಂಬುದು ಅವರ ಅನುಭವ. ಎಷ್ಟು ಎಕರೆ ಹೋಗುತ್ತದೆ, ಪರಿಹಾರ ಎಷ್ಟು, ನೋಟಿಸು ಯಾವಾಗ ಎಂದು ಕೇಳುತ್ತಲೇ ಇದ್ದರು. ಕೊನೆಗೆ ಫಿಲ್ಮ್ ಕಟ್ಟಿದ ಕ್ಯಾಮೆರಾದ ಹಿಂದೆ ಅವರನ್ನೇ ನಿಲ್ಲಿಸಿ ತೆರೆ ತೋರಿಸಿದೆ. ತುಣುಕು ಕಡಿದ ಸೂರ್ಯನನ್ನು ನೋಡಿ ಅವರು ಪೇಟ ಸರಿಮಾಡಿಕೊಂಡು, “ಇದಕ್ಕೆ ನನ್ನ ಹೊಲವೇ ಬೇಕಾಗಿತ್ತೇ?” ಎಂದರು. ಹೌದು, ಇವತ್ತಿನ ಮಟ್ಟಿಗೆ ಇಡೀ ಜಿಲ್ಲೆಯಲ್ಲಿ ಈ ಬದುವೇ ಬೇಕಾಗಿತ್ತು ಎಂದೆ. ಅದು ಅವರಿಗೆ ಹಿಡಿಸಿದಂತಿತ್ತು.

ಫೋಟೊ ಕೆಟ್ಟಿತು. ಸೂರ್ಯ ನೆಲ ಮುಟ್ಟುವ ದಿಕ್ಕನ್ನು ಲೆಕ್ಕ ಹಾಕಿದ್ದೆನೇ ಹೊರತು ಗುಮ್ಮಟ ನೆಲದಿಂದ ಮೇಲೆ ಎದ್ದಿದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ನಮ್ಮ ಕಡೆ ಸೂರ್ಯ ನೇರ ಕೆಳಗೆ ಬೀಳುವುದಿಲ್ಲ, ಬಲಕ್ಕೆ ವಾಲುತ್ತಾ ಇಳಿಯುತ್ತಾನೆ. ಹಾಗಾಗಿ ಗುಮ್ಮಟದ ಎತ್ತರಕ್ಕೆ ಬಂದಾಗ ಅವನು ಇನ್ನೂ ಎಡಕ್ಕೇ ಇದ್ದ. ತಲೆಯ ಮೇಲೆ ಕೂರಬೇಕಾದ ಟೋಪಿ ಒಂದು ಕಿವಿಯ ಮೇಲೆ ಜಾರಿಕೊಂಡಿತು. ಬದುವಿನ ಮೇಲೆ ಹತ್ತಿಪ್ಪತ್ತು ಹೆಜ್ಜೆ ಪಕ್ಕಕ್ಕೆ ಓಡಿದ್ದರೆ ಸರಿಹೋಗುತ್ತಿತ್ತು. ಸ್ಟ್ಯಾಂಡ್ ಹೊತ್ತು ಓಡಿದೆ ಕೂಡ, ತೊಗರಿ ಅಡ್ಡ ಬಂತು. ಆ ಚಿತ್ರ ಈಗ ಅಂಗಡಿಯ ಗೋಡೆಯ ಮೇಲಿದೆ. ಬಂದವರು ಏನೋ ಕಲಾತ್ಮಕವಾಗಿ ತೆಗೆದಿದ್ದಾನೆ ಎಂದುಕೊಳ್ಳುತ್ತಾರೆ, ನಾನು ತಿದ್ದುವುದಿಲ್ಲ.

2024ರ ಮೇ ತಿಂಗಳಿನಲ್ಲಿ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ, ಅಷ್ಟು ಮೋಟರುಗಳು. ಅದೇ ಹೊತ್ತಿಗೆ ಸೂರ್ಯನ ಮೇಲೆ 3664 ಸಂಖ್ಯೆಯ ಕಲೆಗಳ ಗುಂಪು ಬಂತು. ಭೂಮಿಯ ಅಗಲದ ಹದಿನೈದು ಪಟ್ಟು ಉದ್ದ. ಟೆಲಿಸ್ಕೋಪ್ ಬೇಕಿರಲಿಲ್ಲ, ಹಳೆಯ ಗ್ರಹಣ ಕನ್ನಡಕದಲ್ಲೇ ಕಪ್ಪು ಗೀರಾಗಿ ಕಂಡಿತು. ಹಮಾಲರು, ಟೆಂಪೊದವರು, ಮೋಟರ್ ಬಿಡಲು ಬಂದ ರೈತರು ಎಲ್ಲರಿಗೂ ತೋರಿಸಿದೆ. ಮೇ 10ರ ರಾತ್ರಿ ಅದು ಉಗುಳಿದ ಬಿರುಗಾಳಿ ಭೂಮಿಗೆ ಬಡಿದು, ಲಡಾಖಿನ ಹಾನ್ಲೆಯಲ್ಲಿ ಕ್ಯಾಮೆರಾಗಳು ಕೆಂಪು ಆಕಾಶ ಹಿಡಿದವು. 1989ರ ಮಾರ್ಚಿನಲ್ಲಿ ಇಂಥದೇ ಬಿರುಗಾಳಿಗೆ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಕರೆಂಟೇ ಒಂಬತ್ತು ಗಂಟೆ ಹೋಗಿತ್ತು ಎಂದು ನಾನು ಹೇಳಿದಾಗ ರೈತರೊಬ್ಬರು, ಒಂಬತ್ತೇ ಗಂಟೆಯೇ ಎಂದು ಕೇಳಿದರು.

ಆ ಗುಂಪು ಬಲದ ಅಂಚಿನಲ್ಲಿ ಮರೆಯಾಗಿ ಎರಡು ವಾರ ಬಿಟ್ಟು ಎಡದ ಅಂಚಿನಿಂದ ಮತ್ತೆ ಬಂತು. ಸಂಖ್ಯೆ ಮಾತ್ರ ಹೊಸದು, 3697. ನಮ್ಮಲ್ಲಿಯೂ ಹಾಗೆಯೇ. ಸರಿಮಾಡಿ ಕಳುಹಿಸಿದ ಮೋಟರ್ ತಿಂಗಳೊಳಗೆ ಮತ್ತೆ ಸುಟ್ಟು ಬಂದರೆ ಹೊಸ ರಶೀದಿ, ಹೊಸ ನಂಬರ್. ನಾನು ನನ್ನ ಪುಸ್ತಕದಲ್ಲಿ ಎರಡನ್ನೂ ಒಂದು ಗೆರೆಯಿಂದ ಜೋಡಿಸಿದೆ.

ಮಾಳಿಗೆಗಾಗಿ ನನಗೂ ಅವ್ವನಿಗೂ ಬೇಸಿಗೆಯಲ್ಲಿ ಜಗಳ ಇದ್ದೇ ಇದೆ. ಸಂಡಿಗೆ, ಶಾವಿಗೆ, ಮೆಣಸಿನಕಾಯಿ ಎಲ್ಲಕ್ಕೂ ಪೂರ್ವದ ಮೂಲೆಯೇ ಬೇಕು, ನನಗೂ ಅದೇ ಬೇಕು. ಟೆಲಿಸ್ಕೋಪಿನ ನೆರಳು ಸಂಡಿಗೆಯ ಮೇಲೆ ಬೀಳುತ್ತದೆ ಎಂದು ಅವಳು, ಸಂಡಿಗೆಯ ಸೀರೆ ಗಾಳಿಗೆ ಹಾರಿ ಸ್ಟ್ಯಾಂಡಿಗೆ ಸುತ್ತಿಕೊಳ್ಳುತ್ತದೆ ಎಂದು ನಾನು. ಈ ವರ್ಷ ಇಂಡಿ ತಾಲೂಕಿನ ಲಿಂಬೆ ತೋಟವೊಂದರ ಕೆಲಸಕ್ಕೆ ಎರಡು ದಿನ ಹೋಗಬೇಕಾಯಿತು. ಪುಸ್ತಕದಲ್ಲಿ ಎರಡು ದಿನ ಖಾಲಿ ಬೀಳುತ್ತದಲ್ಲ ಎಂದು ಹೊರಡುವಾಗ ಗೊಣಗಿದ್ದೆ. ನಾಲ್ಕನೆಯ ಇಯತ್ತೆಯವರೆಗೆ ಓದಿದ ಅವ್ವ ಅದನ್ನು ಕೇಳಿಸಿಕೊಂಡಿರಬೇಕು. ಬಂದು ತೆರೆದು ನೋಡಿದರೆ ದಿನಾಂಕದ ಎದುರು, ಗುಂಪು ಎಷ್ಟು, ಕಲೆ ಎಷ್ಟು ಎಂದು ಬರೆಯುವ ಜಾಗದಲ್ಲಿ, ದಪ್ಪ ಅಕ್ಷರದಲ್ಲಿ ಬರೆದಿಟ್ಟಿದ್ದಳು: ಬಿಸಿಲು ಬಹಳ. ಸಂಡಿಗೆ ಒಣಗಿದವು.